ಆಟೋದಿಂದ ಇಳಿಯದ ಅವ್ವ

ಅವ್ವ ತೀರಿಕೊಂಡು ವರ್ಷ ತುಂಬಿದಾಗ ನನ್ನ ತಮ್ಮ ಮಲ್ಲೇಶ ಒಂದು ಸಣ್ಣ ಪುಸ್ತಕ ಮಾಡಿಸಲು ಹೊರಟ. ನಂಜನಗೂಡಿನಲ್ಲಿ ನಮ್ಮ ಅಪ್ಪ ಗುರುಮಲ್ಲಪ್ಪನವರನ್ನೂ ಅವ್ವ ಮಹದೇವಮ್ಮನನ್ನೂ ಬಲ್ಲವರು ಬಹಳ ಜನ. ಅವರಿಂದೆಲ್ಲ ನಾಲ್ಕು ಮಾತು ಬರೆಸಿ, ರಟ್ಟಿನ ಮೇಲೆ ಇಬ್ಬರೂ ಜೊತೆಗೆ ಕೂತ ಫೋಟೋ ಹಾಕಿಸಿ ಹಂಚಬೇಕೆಂದು ಅವನ ಆಸೆ. ರತ್ನಕ್ಕ, ನೀನೂ ಎರಡು ಪುಟ ಬರೆದುಕೊಡು ಎಂದ. ಬರೆಯಲು ಕೂತೆ. ಎಷ್ಟು ಸಲ ಶುರುಮಾಡಿದರೂ ನಾಲ್ಕನೆಯ ಸಾಲಿಗೆ ನನ್ನ ಕಾಯಿಲೆಯ ಮಾತೇ ಬರುತ್ತಿತ್ತು. ಕೊನೆಗೆ ನನ್ನ ಕೈಲಾಗುವುದಿಲ್ಲವೆಂದು ಹೇಳಿಬಿಟ್ಟೆ. ಪುಸ್ತಕ ನಾನಿಲ್ಲದೆ ಬಂತು. ಚೆನ್ನಾಗಿದೆ. ಅದರಲ್ಲಿರುವುದು ಯಾವುದೂ ಸುಳ್ಳಲ್ಲ.

ಅದರಲ್ಲಿ ಸೇರದೆ ಹೋದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕ್ಷಯ ಬಂದು ವಾಸಿಯಾದವಳು ನಾನು. ಎಡಗಡೆಯ ಶ್ವಾಸಕೋಶದ ಮೇಲ್ಭಾಗ ಗಾಯ ಮಾಗಿದ ಚರ್ಮದ ಹಾಗೆ ಗಟ್ಟಿಯಾಗಿದೆಯಂತೆ, ಮಹಡಿ ಹತ್ತಿದರೆ ನಿಂತು ಉಸಿರು ತೆಗೆದುಕೊಳ್ಳಬೇಕು. ಇಂಜೆಕ್ಷನ್ನಿನಿಂದ ಒಂದು ಕಿವಿ ಮಂದವಾಗಿದೆ. ಇಷ್ಟು ಬಿಟ್ಟರೆ ಚೆನ್ನಾಗಿದ್ದೇನೆ. ಈ ಕಾಯಿಲೆ ಇದೆ ಎಂದು ಈಗಷ್ಟೇ ತಿಳಿದು, ಮನೆಯವರ ಮುಖ ನೋಡುತ್ತ ಕೂತಿರುವವರು ಯಾರಾದರೂ ಇದನ್ನು ಓದಿದರೆ, ಮುಖಗಳ ವಿಷಯದಲ್ಲಿ ನೀವು ಒಬ್ಬರೇ ಅಲ್ಲ ಎಂದು ತಿಳಿಯಲಿ.

ಮೊದಲು ಅವರಿಬ್ಬರ ವಿಷಯ ಹೇಳಬೇಕು. ಅಪ್ಪನಿಗೆ ಪೇಟೆಯಲ್ಲಿ ಹಗ್ಗ, ಬಕೆಟ್ಟು, ಗುದ್ದಲಿ, ಮೊಳೆ ಮಾರುವ ಅಂಗಡಿಯಿತ್ತು. ಅವ್ವ ಮದುವೆಯಾಗಿ ಬಂದಾಗ ಇನ್ನೂ ಹುಡುಗಿ. ಬಂದ ವರ್ಷವೇ ಅವಳಿಗೆ ವಿಷಮಶೀತ ಜ್ವರ ಬಂದಿತ್ತಂತೆ. ಆಗ ಅಪ್ಪ ಅಂಗಡಿ ಮುಚ್ಚಿ, ಅವಳ ಸೀರೆಗಳನ್ನು ತಾವೇ ಕಪಿಲೆಗೆ ಒಯ್ದು ಒಗೆದು ತಂದಿದ್ದರಂತೆ. ಹೊಳೆಯಲ್ಲಿದ್ದ ಹೆಂಗಸರು ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕರೂ ಅವರು ತಲೆಯೆತ್ತಿ ನೋಡಲಿಲ್ಲವಂತೆ. ಈ ಕತೆಯನ್ನು ನಮ್ಮ ಬೀದಿಯಲ್ಲಿ ಎಲ್ಲರೂ ಹೇಳುತ್ತಿದ್ದರು. ಸಂಜೆ ಅಂಗಡಿಯಿಂದ ಬರುವಾಗ ಬಾಳೆಎಲೆಯಲ್ಲಿ ಸುತ್ತಿದ ಮಲ್ಲಿಗೆ ಅವರ ಕೈಯಲ್ಲಿ ಇದ್ದೇ ಇರುತ್ತಿತ್ತು. ಅಪ್ಪ ಮಧ್ಯಾಹ್ನ ಎಷ್ಟು ತಡಮಾಡಿದರೂ ಅವ್ವ ಒಂದು ತುತ್ತು ಮುಟ್ಟುತ್ತಿರಲಿಲ್ಲ. ಅವಳಿಗೆ ಮಳೆಗಾಲದಲ್ಲಿ ಉಬ್ಬಸ ಬರುತ್ತಿತ್ತು. ಆಗೆಲ್ಲ ಅಪ್ಪ ಅವಳ ಬೆನ್ನಿಗೆ ಬಿಸಿ ಎಣ್ಣೆ ತಿಕ್ಕುತ್ತ ಕೂರುತ್ತಿದ್ದರು. ಹೆರಿಗೆಗೆ ಕೂಡ ಅವಳು ತವರಿಗೆ ಹೋದವಳಲ್ಲ. ನಾನೂ ಮಲ್ಲೇಶನೂ ಹುಟ್ಟಿದ್ದು ನಂಜನಗೂಡಿನ ಆ ಮನೆಯಲ್ಲೇ. ಗಂಡನನ್ನು ಬಿಟ್ಟು ಇರಲಾರಳೆಂದು ಅವಳ ತಾಯಿಯೇ ಬಂದು ಬಾಣಂತನ ಮಾಡಿ ಹೋದರಂತೆ.

ಸಂಜೆ ಜಗಲಿಯ ಮೇಲೆ ಇಬ್ಬರೂ ಕೂತು ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ನಾವು ಮಕ್ಕಳು ಹತ್ತಿರ ಹೋದರೆ ಮಾತು ನಿಲ್ಲುತ್ತಿತ್ತು. ಗದರುತ್ತಿರಲಿಲ್ಲ. ಏನು ಬೇಕವ್ವ ಎಂದು ಕೇಳುತ್ತಿದ್ದರು, ಬೇಕಾದದ್ದನ್ನು ಕೊಡುತ್ತಿದ್ದರು, ನಾವು ಅಲ್ಲಿಂದ ಏಳುವವರೆಗೆ ಕಾಯುತ್ತಿದ್ದರು. ಹೊಟ್ಟೆಗೆ, ಬಟ್ಟೆಗೆ, ಓದಿಗೆ ಯಾವುದಕ್ಕೂ ಅವರು ಕಡಿಮೆ ಮಾಡಲಿಲ್ಲ. ಆದರೂ ಆ ಮನೆಯಲ್ಲಿ ನಾವು ಚೆನ್ನಾಗಿ ನೋಡಿಕೊಂಡ ನೆಂಟರ ಹಾಗೆ ಬೆಳೆದೆವು. ಇದು ಆಗ ನನಗೆ ಕೊರತೆ ಎಂದು ತೋರಲಿಲ್ಲ. ಎಲ್ಲರ ಮನೆಯೂ ಹೀಗೇ ಇರುತ್ತದೆ ಎಂದುಕೊಂಡಿದ್ದೆ.

ನನ್ನನ್ನು ತಿ. ನರಸೀಪುರಕ್ಕೆ ಕೊಟ್ಟರು. ನಮ್ಮವರು ನಂಜುಂಡಸ್ವಾಮಿ, ವಿದ್ಯುತ್ ಇಲಾಖೆಯಲ್ಲಿ ಮೀಟರ್ ರೀಡರ್. ಮಾತು ಕಡಿಮೆ. ಹೂವು ತರುವ ಮನುಷ್ಯ ಅಲ್ಲವೇ ಅಲ್ಲ. ಮನೆಯಲ್ಲಿ ಅತ್ತೆ ದೇವಮ್ಮಣ್ಣಿ, ಗಂಡನನ್ನು ಬೇಗ ಕಳೆದುಕೊಂಡು ಒಬ್ಬ ಮಗನನ್ನು ಬೆಳೆಸಿದವರು. ನಾಲಿಗೆ ಬಲು ಹರಿತ. ನಾನು ಮಾಡಿದ ಸಾರು ಅವರಿಗೆ ಒಂದು ದಿನವೂ ಸರಿಬಂದದ್ದಿಲ್ಲ. ಮಗಳು ಸುಮ, ಆಮೇಲೆ ಮಗ ಕಿರಣ ಹುಟ್ಟಿದ ಮೇಲೂ ನನಗೂ ಅತ್ತೆಗೂ ಮಾತಿಗೆ ಮಾತು ಬೆಳೆಯುತ್ತಲೇ ಇತ್ತು. ತವರಿಗೆ ಹೋದಾಗ ಅವ್ವನ ಮುಂದೆ ಅವರ ಮೇಲೆ ದೂರು ಹೇಳುತ್ತಿದ್ದೆ. ಅವ್ವ ಕೇಳಿಸಿಕೊಳ್ಳುತ್ತಲೇ ಬೀದಿಯ ಕಡೆ, ಅಪ್ಪ ಬರುವ ದಾರಿಯ ಕಡೆ ನೋಡುತ್ತಿದ್ದಳು.

ತೊಂಬತ್ತರ ದಶಕದ ನಡುವಿನ ಒಂದು ಚಳಿಗಾಲದಲ್ಲಿ ನನಗೆ ಕೆಮ್ಮು ಹಿಡಿಯಿತು. ಊರಿನ ಡಾಕ್ಟರು ಧೂಳಿನ ಅಲರ್ಜಿ ಎಂದು ಟಾನಿಕ್ಕು ಕೊಟ್ಟರು. ಶಿವರಾತ್ರಿ ಕಳೆಯಿತು, ಯುಗಾದಿ ಕಳೆಯಿತು, ಕೆಮ್ಮು ಹೋಗಲಿಲ್ಲ. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು. ಕುಪ್ಪಸಗಳೆಲ್ಲ ಸಡಿಲವಾದವು. ಅತ್ತೆ ಇದನ್ನು ಮೊದಲು ಗಮನಿಸಿದವರು. ಉಣ್ಣದೆ ಉಪವಾಸ ಬಿದ್ದು ನಮಗೆ ಕೆಟ್ಟ ಹೆಸರು ತರುತ್ತೀಯ ಎಂದು ಬೈದು ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದರು. ಒಂದು ಬೆಳಿಗ್ಗೆ ಹಿತ್ತಲಿನ ಬಚ್ಚಲ ಕಲ್ಲಿನ ಹತ್ತಿರ ಕೆಮ್ಮಿದಾಗ ಕೆಂಪಾಗಿ ಬಿತ್ತು. ನಾನು ಚೊಂಬಿನ ನೀರು ಸುರಿದು ಅದನ್ನು ತೊಳೆದುಬಿಟ್ಟೆ. ತಿರುಗಿದರೆ ಅತ್ತೆ ಹಿಂದೆ ನಿಂತಿದ್ದರು. ಒಳಗೆ ಹೋಗಿ ಮಗನನ್ನು ಎಬ್ಬಿಸಿದರು.

ಮೈಸೂರಿನಲ್ಲಿ ಎಕ್ಸ್‌ರೇ ತೆಗೆದರು, ಕಫ ಪರೀಕ್ಷೆ ಮಾಡಿದರು. ಆ ಕಾರಿಡಾರಿನಲ್ಲಿ ಬೆಂಚುಗಳು ಸಾಲದೆ ಜನ ಗೋಡೆಗೆ ಒರಗಿ ಕುಕ್ಕರುಗಾಲಲ್ಲಿ ಕೂತಿದ್ದರು. ಯಾರೂ ಯಾರನ್ನೂ ಯಾವ ಕಾಯಿಲೆ ಎಂದು ಕೇಳುತ್ತಿರಲಿಲ್ಲ. ಬೇರೆ ಆಸ್ಪತ್ರೆಗಳಲ್ಲಿ ಹೀಗಿರುವುದಿಲ್ಲ, ಪಕ್ಕದವರು ಎಲ್ಲವನ್ನೂ ಕೇಳುತ್ತಾರೆ. ಇಲ್ಲಿ ಎಲ್ಲರೂ ಟವೆಲ್ಲೋ ಸೆರಗೋ ಬಾಯಿಗೆ ಹಿಡಿದು ನೆಲ ನೋಡುತ್ತಿದ್ದರು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ, ನನ್ನನ್ನು ಬಿಟ್ಟು ನಮ್ಮವರನ್ನು ಕೇಳಿದರು, ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರಾ ಎಂದು. ಅಷ್ಟರಲ್ಲಿ ನನಗೆ ತಿಳಿಯಿತು. ಶ್ವಾಸಕೋಶದಲ್ಲಿ ತೂತಾಗಿದೆ, ಊರಾಚೆಯ ಕ್ಷಯದ ಆಸ್ಪತ್ರೆಯಲ್ಲಿ ಕೆಲವು ತಿಂಗಳಾದರೂ ಇರಬೇಕು, ಔಷಧಿ ತಪ್ಪಿಸದೆ ತೆಗೆದುಕೊಂಡರೆ ಖಂಡಿತ ವಾಸಿಯಾಗುತ್ತದೆ ಎಂದರು. ಕೊನೆಯ ಮಾತನ್ನು ನಾವಿಬ್ಬರೂ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ.

ಆಸ್ಪತ್ರೆಗೆ ಸೇರುವ ಮೊದಲು ನಂಜನಗೂಡಿಗೆ ಹೋಗೋಣ ಎಂದವಳು ನಾನೇ. ಅವ್ವ ಕೆಲವು ವಾರವಾದರೂ ನರಸೀಪುರಕ್ಕೆ ಬಂದು ಮಕ್ಕಳನ್ನು ನೋಡಿಕೊಳ್ಳಲಿ, ಇಲ್ಲವೇ ವಾರಕ್ಕೊಮ್ಮೆ ಆಸ್ಪತ್ರೆಗೆ ಬಂದು ಹೋಗಲಿ ಎಂದು ನನ್ನ ಎಣಿಕೆ. ನಂಜನಗೂಡಿನಿಂದ ಮೈಸೂರು ಎಷ್ಟು ದೂರ? ಅಪ್ಪ ಅವತ್ತು ಮನೆಯಲ್ಲೇ ಇದ್ದರು. ನಮ್ಮವರು ವಿಷಯ ಹೇಳಿದ ಕೂಡಲೆ ಅವರು ಎದ್ದು ಜಗಲಿಗೂ ಒಳಮನೆಗೂ ನಡುವಿನ ಬಾಗಿಲಲ್ಲಿ ನಿಂತುಕೊಂಡರು. ಅವ್ವ ಒಳಗಿದ್ದಳು. ನಾವು ಜಗಲಿಯಲ್ಲೇ ಕೂತೆವು. ಕಾಫಿಯನ್ನು ಅಪ್ಪನೇ ತಂದುಕೊಟ್ಟರು. ಅವರ ಕೈಯಿಂದ ನಾನು ಕಾಫಿ ಕುಡಿದದ್ದು ಅದೇ ಮೊದಲು.

ಅವ್ವನನ್ನು ಕಳಿಸುತ್ತೀರಾ ಎಂದು ನಮ್ಮವರು ಕೇಳಿದರು. ಅಪ್ಪ ನನ್ನ ಕಡೆ ತಿರುಗಿ ಹೇಳಿದರು:

“ನಿಮ್ಮವ್ವಂಗೆ ಮೊದ್ಲೇ ಉಬ್ಸ ಕಣವ್ವ. ಅವ್ಳಿಗೆ ಅಂಟ್ಕಂಡ್ರೆ ನಾನು ಯಾರ್ ಮಕ ನೋಡ್ಕಂಡ್ ಇರಾದು?”

ಅವರ ಕಣ್ಣಲ್ಲಿ ನೀರಿತ್ತು. ನನಗಾಗಿ ಬಂದ ನೀರೆಂದು ಆಗ ನಂಬಿದ್ದೆ. ಅವರ ಹೆಗಲಿನ ಹಿಂದೆ ಅವ್ವ ಕಂಡಳು. ನನ್ನನ್ನು ಒಂದು ಗಳಿಗೆ ನೋಡಿ ಆಮೇಲೆ ಅಪ್ಪನ ಬೆನ್ನನ್ನು ನೋಡಿದಳು. ನಾವು ಎದ್ದು ಬೀದಿಗೆ ಇಳಿದ ಮೇಲೆ, ಚೀಲ ಮರೆತೆನೆಂದು ನಮ್ಮವರು ಹಿಂದಕ್ಕೆ ಹೋದರು. ನಾನು ಕುಡಿದ ಲೋಟವನ್ನು ಅಪ್ಪ ಚರಂಡಿಯ ಪಕ್ಕ ಬೇರೆಯಾಗಿ ಇಟ್ಟು ಬಿಸಿನೀರು ಹೊಯ್ಯುತ್ತಿದ್ದದ್ದನ್ನು ಅವರು ಕಂಡರಂತೆ. ಅದನ್ನು ನನಗೆ ಹೇಳಿದ್ದು ಎಷ್ಟೋ ವರ್ಷಗಳಾದ ಮೇಲೆ. ಹೇಳದೆ ಇದ್ದಿದ್ದರೂ ಆಗುತ್ತಿತ್ತು.

ಆಸ್ಪತ್ರೆಯಲ್ಲಿ ಉದ್ದನೆಯ ವಾರ್ಡು, ಎತ್ತರದ ಕಿಟಕಿಗಳು, ಹೊರಗೆ ಹೊಂಗೆ ಮರಗಳು. ಪ್ರತಿ ಮಂಚದ ಕೆಳಗೆ ಮುಚ್ಚಳವಿರುವ ಒಂದು ಉಗುಳು ಡಬ್ಬಿ. ಫಿನಾಯಿಲ್ ವಾಸನೆ ಅನ್ನಕ್ಕೂ ಹತ್ತಿಕೊಂಡಿರುತ್ತಿತ್ತು. ದಿನಾ ಸೂಜಿ, ಹಿಡಿ ತುಂಬ ಮಾತ್ರೆ. ಮೊದಲ ದಿನದ ಮಾತ್ರೆಗೇ ಮೂತ್ರ ಕಿತ್ತಳೆ ಕೆಂಪಾಗಿ ಹೋಯಿತು. ಒಳಗಿನ ರಕ್ತವೆಲ್ಲ ಸೋರಿಹೋಗುತ್ತಿದೆ ಎಂದು ನಾನು ಹೆದರಿ ಬಂದು ಮಲಗಿದೆ. ಪಕ್ಕದ ಮಂಚದ ಹೆಂಗಸು ವಿಷಯ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು, ಅದು ಮಾತ್ರೆಯ ಬಣ್ಣ, ಎಲ್ಲರಿಗೂ ಹಾಗೇ ಎಂದಳು. ಯಾವ ಡಾಕ್ಟರೂ ಹೇಳಿರಲಿಲ್ಲ. ಹೊಸದಾಗಿ ಮಾತ್ರೆ ಶುರುಮಾಡುವವರಿಗೆ ನಾನು ಈಗಲೂ ಮೊದಲು ಹೇಳುವ ಮಾತು ಅದೇ.

ಅವಳ ಹೆಸರು ಸಣ್ಣಮ್ಮ, ಹದಿನಾರು ಎಂಬ ಊರಿನವಳು. ಒಕ್ಕಲುತನದ ಮನೆ. ಗಂಡ ವಾರಕ್ಕೊಮ್ಮೆ ಹಸುವಿನ ತುಪ್ಪವನ್ನೋ ಬೇಯಿಸಿದ ಮೊಟ್ಟೆಯನ್ನೋ ಹಿಡಿದು ಬರುತ್ತಿದ್ದ. ಬಂದ ಕೂಡಲೆ ಇಬ್ಬರಿಗೂ ಜಗಳ. ಎಮ್ಮೆಗೆ ಹುಲ್ಲು ಹಾಕಿದೆಯಾ, ಯಾರ ಜೊತೆ ಕುಡಿದೆ, ಕಣಜದ ಬೀಗ ಎಲ್ಲಿ. ನರ್ಸು ಬಂದು ಸುಮ್ಮನಿರಿಸುವವರೆಗೂ ನಡೆಯುತ್ತಿತ್ತು. ಅವನು ಅವಳ ಮಂಚದ ಮೇಲೇ ಕೂರುತ್ತಿದ್ದ, ಅವಳು ಬಿಡಿಸಿಕೊಟ್ಟ ಮೊಟ್ಟೆಯನ್ನು ತಿನ್ನುತ್ತಿದ್ದ. ಹೋಗುವಾಗ ಬಾಗಿಲ ಹತ್ತಿರ ನಿಂತು ಇನ್ನೊಂದು ಬೈಗುಳ ಹೇಳಿ ಹೋಗುತ್ತಿದ್ದ. ನಂಜನಗೂಡಿನ ಬೀದಿಯಲ್ಲಿ ಇಂಥ ಗಂಡಹೆಂಡಿರನ್ನು ಯಾರೂ ಹೊಗಳುವುದಿಲ್ಲ. ನಾನು ಮಗ್ಗುಲಾಗಿ ಮಲಗಿ ಅವರ ಜಗಳ ಕೇಳುತ್ತಿದ್ದೆ. ಆ ವಾರ್ಡಿನಲ್ಲಿ ನನಗೆ ಹಿತವಾಗಿದ್ದ ಸದ್ದು ಅದೊಂದೇ.

ನಮ್ಮವರು ಭಾನುವಾರ ಬರುತ್ತಿದ್ದರು. ಏನು ಮಾತಾಡಬೇಕೆಂದು ತಿಳಿಯದೆ ದಿನಪತ್ರಿಕೆ ತಂದು ಮೊದಲಿನಿಂದ ಕೊನೆಯವರೆಗೆ ಓದಿ ಹೇಳುತ್ತಿದ್ದರು, ಟೆಂಡರ್ ಜಾಹೀರಾತು ಕೂಡ. ಮಿಕ್ಕ ದಿನಗಳಲ್ಲಿ ಬಿಡುವಾದಾಗಲೆಲ್ಲ ಅತ್ತೆ. ನರಸೀಪುರದಿಂದ ಮೊದಲ ಬಸ್ಸಿಗೆ ಹೊರಟು, ಮಕ್ಕಳನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಡಬ್ಬಿ ತುಂಬ ಅನ್ನ, ಸೊಪ್ಪಿನ ಸಾರು ತರುತ್ತಿದ್ದರು. ಒಂದು ದಿನ ನನ್ನ ಡಬ್ಬಿಯಿಂದಲೇ ಕಲಸಿ ತಾವೂ ಉಣ್ಣತೊಡಗಿದರು. ನರ್ಸು ನೋಡಿ ರೇಗಿದಳು. ಅತ್ತೆ ತುತ್ತು ನುಂಗಿ ನಿಧಾನವಾಗಿ ಹೇಳಿದರು:

“ನಂಗ್ ವಯ್ಸಾಯ್ತು ಕಣವ್ವ ಸಿಸ್ಟ್ರು. ಇನ್ ಯಾವ್ ಕಾಯ್ಲೆ ಬಂದ್ರೂ ಅದೇನ್ ಕಿತ್ಕಂಡೋದು ನನ್ ತಾವ?”

ಅವರು ಮಾಡಿದ್ದು ಸರಿಯಲ್ಲ, ನರ್ಸು ಹೇಳಿದ್ದೇ ಸರಿ. ಯಾರೂ ಹಾಗೆ ಮಾಡಬಾರದು. ಆದರೂ ಆ ದಿನ ನಾನು ಡಬ್ಬಿಯ ಅನ್ನವನ್ನೆಲ್ಲ ಉಂಡೆ.

ನನ್ನ ಕಣ್ಣು ಮಾತ್ರ ಗೇಟಿನ ಮೇಲೆ. ಅತ್ತೆ ಕೂತಿರುವಾಗಲೂ ನಾನು ಅವ್ವನ ದಾರಿ ಕಾಯುತ್ತಿದ್ದೆ. ಅತ್ತೆಗೆ ಅದು ತಿಳಿಯುತ್ತಿತ್ತು. ತಿಳಿದರೂ ನನ್ನ ತಲೆ ಬಾಚುತ್ತ ಕೂರುತ್ತಿದ್ದರು.

ಕಫದಲ್ಲಿ ಕ್ರಿಮಿ ಕಾಣುತ್ತಿಲ್ಲ, ಇನ್ನು ಯಾರಿಗೂ ಅಂಟುವ ಭಯವಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ನಮ್ಮವರು ನಂಜನಗೂಡಿಗೆ ಹೋಗಿ ಆ ಮಾತನ್ನು ತಿಳಿಸಿ ಬಂದರು. ಸ್ವಲ್ಪ ದಿನದಲ್ಲೇ ಒಂದು ಮಧ್ಯಾಹ್ನ ಅಪ್ಪ ಬಂದರು. ವರಾಂಡದ ಮೆಟ್ಟಿಲ ಕೆಳಗೇ ನಿಂತು ಹೇಳಿಕಳಿಸಿದರು. ನಾನು ಗೋಡೆ ಹಿಡಿದುಕೊಂಡು ಹೊರಗೆ ಹೋದೆ. ಇಂಜೆಕ್ಷನ್ನಿನಿಂದ ಆಗ ತಲೆ ತಿರುಗುತ್ತಿತ್ತು. ಅಪ್ಪ ರಸಬಾಳೆಯ ಚಿಪ್ಪೊಂದನ್ನು ಮೆಟ್ಟಿಲ ಮೇಲಿಟ್ಟು ಹಿಂದೆ ಸರಿದರು. ಬಹಳ ಇಳಿದುಹೋಗಿದ್ದೀಯ ಎಂದರು. ಅವ್ವ ಹೇಗಿದ್ದಾಳೆ ಎಂದು ಕೇಳಿದೆ.

“ಬಂದವ್ಳೆ. ಗೇಟ್ ತಾವ ಆಟೋದಲ್ಲಿ ಕೂತವ್ಳೆ.”

ಅಲ್ಲಿಂದ ಗೇಟು ಕಾಣುತ್ತಿತ್ತು. ಆಟೋ ಅಡ್ಡಲಾಗಿ ನಿಂತಿತ್ತು. ಒಳಗೆ ಹಸಿರು ಸೀರೆಯ ನೆರಿಗೆಗಳೂ ಕಂಬಿ ಹಿಡಿದ ಬಳೆಯ ಕೈಯೂ ಕಂಡವು. ಮುಖ ಕಾಣಲಿಲ್ಲ. ಇಳಿಯಲು ಹೇಳಿ, ಅಲ್ಲೇ ನಿಂತುಕೊಳ್ಳಲಿ, ದೂರದಿಂದಲೇ ನೋಡುತ್ತೇನೆ ಎಂದೆ. ಅಪ್ಪ ತಲೆಯಾಡಿಸಿದರು.

“ಬ್ಯಾಡ ಕಣವ್ವ. ನಿನ್ನ ಈ ತರ ನೋಡುದ್ರೆ ಅವ್ಳು ಅನ್ನ ಬುಟ್ಬುಡ್ತಾಳೆ. ಅವ್ಳ ಮೈಯೂ ಅಷ್ಟಕ್ಕಷ್ಟೇ.”

ಹೇಳಿ ಅವರು ಹೊರಟರು. ಆಟೋದ ಹತ್ತಿರ ಹೋಗಿ ಒಳಗೆ ಬಗ್ಗಿ ಏನೋ ಹೇಳಿದರು, ಅವಳ ಸೆರಗನ್ನು ಚಕ್ರಕ್ಕೆ ಸಿಕ್ಕದಂತೆ ಎತ್ತಿ ಒಳಗೆ ಇಟ್ಟರು. ಆಮೇಲೆ ಹತ್ತಿಕೊಂಡರು. ಆಟೋ ಹೋಯಿತು. ಅವರು ಮೈಸೂರಿಗೆ ಬಂದದ್ದು ಅಪ್ಪನ ಅರವತ್ತರ ಶಾಂತಿಗೆ ಸೀರೆ, ಪಂಚೆ ತೆಗೆಯಲು ಎಂದು ಮಲ್ಲೇಶ ಮುಂದೊಂದು ದಿನ ಬಾಯಿ ತಪ್ಪಿ ಹೇಳಿದ. ಆ ಹಣ್ಣನ್ನು ಸಣ್ಣಮ್ಮ ವಾರ್ಡಿಗೆಲ್ಲ ಹಂಚಿದಳು. ನಾನು ಮುಟ್ಟಲಿಲ್ಲ.

ಅವತ್ತಿನಿಂದ ಗೇಟಿನ ಕಡೆ ನೋಡುವುದನ್ನು ಬಿಟ್ಟೆ. ಕಾಯಿಲೆಯ ನಡುವೆ ಬಂದ ಒಂದು ಬಿಡುಗಡೆ ಎಂದರೆ ಅದೇ. ಕಾಯುವುದು ನಿಂತ ಮೇಲೆ ಊಟ ಸೇರತೊಡಗಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಮನೆಗೆ ಕಳಿಸಿದರು. ಬಸ್‌ಸ್ಟ್ಯಾಂಡಿನಿಂದ ಮನೆಯವರೆಗೆ ನಡೆಯುವಷ್ಟರಲ್ಲಿ ಹಲವು ಕಡೆ ಕೂತೆ. ಸುಮ ಓಡಿಬಂದು ಸೊಂಟ ಅಪ್ಪಿಕೊಂಡಳು. ಕಿರಣ ಅತ್ತೆಯ ಸೀರೆಯ ಹಿಂದೆ ಬಚ್ಚಿಟ್ಟುಕೊಂಡು, ಯಾರಜ್ಜಿ ಇವರು ಎಂದು ಕೇಳಿದ. ಅತ್ತೆ ಅವನ ತಲೆಗೆ ಮೊಟಕಿದರು, ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡರು. ಮಗ ಮತ್ತೆ ನನ್ನ ಮಗ್ಗುಲಲ್ಲಿ ಮಲಗಲು ಮುಂದಿನ ಯುಗಾದಿಯೇ ಬರಬೇಕಾಯಿತು. ಮಾತ್ರೆಗಳು ಇನ್ನೂ ನಡೆಯುತ್ತಿದ್ದವು. ಚೆನ್ನಾಗಿದ್ದೇನೆ ಎಂದು ಯಾರೂ ಅವನ್ನು ನಡುವೆ ಬಿಡಬೇಡಿ. ಸಣ್ಣಮ್ಮ ನನಗಿಂತ ಮೊದಲೇ ಗುಂಡಾಗಿ ಊರಿಗೆ ಹೋಗಿದ್ದಳು. ಹೋದವಳು ಬಿತ್ತನೆ, ಕಳೆ ಎಂದು ಮಾತ್ರೆ ಬಿಟ್ಟಳು. ಮರುವರ್ಷ ಅವಳ ಗಂಡ ನಮ್ಮ ಮನೆ ಹುಡುಕಿಕೊಂಡು ಬಂದು, ಸತ್ತುಹೋದಳು ಎಂದು ಹೇಳಿದ. ಕಾಫಿ ಕುಡಿಯುತ್ತ ಅವಳನ್ನು ಒಂದಿಷ್ಟು ಬೈದ, ಹೇಳಿದ ಮಾತು ಕೇಳುತ್ತಲೇ ಇರಲಿಲ್ಲ ಎಂದ. ಬೈಯುತ್ತ ಬೈಯುತ್ತಲೇ ಅತ್ತ.

ಅಪ್ಪನ ಅರವತ್ತರ ಶಾಂತಿ ನಂಜನಗೂಡಿನ ಒಂದು ಕಲ್ಯಾಣಮಂಟಪದಲ್ಲಿ ನಡೆಯಿತು. ಅಳಿಯಂದಿರೂ ಮಕ್ಕಳೂ ಬರಲಿ, ರತ್ನಂಗೆ ಪ್ರಯಾಣ ಸುಸ್ತು, ಅವಳು ಮನೆಯಲ್ಲೇ ಇರಲಿ ಎಂದು ಅಪ್ಪ ಹೇಳಿಕಳಿಸಿದ್ದರು. ನಾನು ಇರುತ್ತೇನೆ ಎಂದೆ. ಅತ್ತೆ ಒಪ್ಪಲಿಲ್ಲ. ತಂದೆಯ ಮನೆಯ ಶುಭಕಾರ್ಯಕ್ಕೆ ಮಗಳು ಹೋಗದಿದ್ದರೆ ಜನ ಏನು ತಿಳಿಯುತ್ತಾರೆ ಎಂದು ನನ್ನ ಮದುವೆಯ ಸೀರೆ ತೆಗೆದು ಉಡಿಸಿ ತಾವೂ ಹೊರಟರು. ಸೀರೆ ಮೈಗೆ ನಿಲ್ಲದೆ ಪಿನ್ನು ಚುಚ್ಚಬೇಕಾಯಿತು.

ಮಂಟಪ ತುಂಬಿತ್ತು. ಅಪ್ಪನೂ ಅವ್ವನೂ ಮತ್ತೊಮ್ಮೆ ಹಾರ ಬದಲಾಯಿಸಿಕೊಂಡರು. ಅವ್ವ ನಾಚಿ ತಲೆತಗ್ಗಿಸಿದಾಗ ಹೆಂಗಸರೆಲ್ಲ ನಕ್ಕರು. ಹಿರಿಯರೊಬ್ಬರು ಎದ್ದು, ಹೊಳೆಯಲ್ಲಿ ಸೀರೆ ಒಗೆದ ಕತೆಯನ್ನು ಹೇಳಿ, ಈ ದಂಪತಿಗಳನ್ನು ನೋಡಿ ಕಲಿಯಬೇಕು ಎಂದರು. ಚಪ್ಪಾಳೆ ಬಿತ್ತು. ಸತ್ಯ ಹೇಳಬೇಕೆಂದರೆ ಅವರು ತುಂಬ ಚೆಂದ ಕಾಣುತ್ತಿದ್ದರು. ನನ್ನ ಕಣ್ಣಲ್ಲೂ ನೀರು ಬಂತು. ಆಶೀರ್ವಾದಕ್ಕೆ ಸಾಲು ನಿಂತಾಗ ನಾನೂ ನಿಂತೆ. ನನ್ನ ಸರದಿ ಬಂದಾಗ ಅಪ್ಪ ಅವ್ವನ ಮುಂದಕ್ಕೆ ಒಂದು ಹೆಜ್ಜೆ ಬಂದು, ಅಲ್ಲಿಂದಲೇ ನಮಸ್ಕಾರ ಮಾಡು ಸಾಕು ಎಂದರು. ಅವ್ವ ಅಕ್ಷತೆಯನ್ನು ಅವರ ಹೆಗಲ ಮೇಲಿನಿಂದ ಹಾಕಿದಳು. ಅರ್ಧ ನೆಲಕ್ಕೆ ಬಿತ್ತು.

ಊಟಕ್ಕೆ ಹೋದರೆ ನನ್ನ ಎಲೆಯನ್ನು ಪಂಕ್ತಿಯಿಂದ ಬೇರೆ ಮಾಡಿ ಮೂಲೆಯಲ್ಲಿ ಹಾಕಿಸಿದ್ದರು. ಹಾಕಿಸಿದವರು ಯಾರೆಂದು ಕೇಳಬೇಕಾಗಿರಲಿಲ್ಲ. ನಾನು ಅಲ್ಲೇ ಕೂತೆ. ಅತ್ತೆ ನನ್ನ ಪಕ್ಕದ ನೆಲದ ಮೇಲೆ ಎಲೆಯಿಲ್ಲದೆ ಕೂತುಬಿಟ್ಟರು. ಬಡಿಸುವವರು ಗಲಿಬಿಲಿಯಾದರು. ಅಪ್ಪ ವಿಚಾರಿಸಿಕೊಳ್ಳಲು ಬಂದಾಗ ಅತ್ತೆ ನನ್ನ ರಟ್ಟೆ ಹಿಡಿದು ಎಬ್ಬಿಸಿ ತಾವೂ ಎದ್ದರು. ದನಿ ಏರಿಸಲಿಲ್ಲ. ಆದರೂ ಆ ಪಂಕ್ತಿಯವರೆಲ್ಲ ಕೇಳಿಸಿಕೊಂಡರು.

“ಬೀಗ್ರೆ, ನಿಮ್ಮೆಂಡ್ತೀನ ಚೆಂದಾಗ್ ನೋಡ್ಕಂಡಿದೀರಿ, ಇಲ್ಲ ಅನ್ನಲ್ಲ. ನಿಮ್ ಮಗ್ಳ ನಾ ನೋಡ್ಕತೀನಿ, ಬುಡಿ.”

ಅವ್ವ ಬಾಗಿಲ ಹತ್ತಿರ ನಿಂತಿದ್ದಳು. ನಾವು ಅವಳ ಪಕ್ಕದಲ್ಲೇ ಹಾದುಹೋದೆವು. ನಮ್ಮವರು ಎರಡೂ ಮಕ್ಕಳನ್ನು ಪಂಕ್ತಿಯಿಂದ ಎಬ್ಬಿಸಿಕೊಂಡು ಹಿಂದೆಯೇ ಬಂದರು. ನರಸೀಪುರದ ಬಸ್ಸಿನಲ್ಲಿ ಕಿರಣ ಪಾಯಸ ಬೇಕೆಂದು ಅಳುತ್ತಿದ್ದ. ಚಿಕ್ಕಯ್ಯನಛತ್ರದಲ್ಲಿ ಬಸ್ಸು ನಿಂತಾಗ ಅತ್ತೆ ಇಳಿದು ಹೋಗಿ ಬೆಂಡು ಬತ್ತಾಸು ತಂದು ಎಲ್ಲರಿಗೂ ಕೊಟ್ಟರು. ಆ ಒಂದು ದಿನವೂ ಅವರು ನನ್ನನ್ನು ಹೊಗಳಲಿಲ್ಲ. ಮಾರನೆಯ ದಿನ ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ಬೈದರು. ಅವರು ಬದುಕಿರುವವರೆಗೂ ಬೈದರು. ಕೊನೆಗಾಲದಲ್ಲಿ ಹಾಸಿಗೆ ಹಿಡಿದಾಗ ನಾನೇ ಅವರ ಮೈ ಒರೆಸಿದೆ.

ಆಮೇಲೆ ಎಷ್ಟೋ ವರ್ಷ ನಾನು ನಂಜನಗೂಡಿಗೆ ಹಬ್ಬಕ್ಕೆ ಹೋಗಿ ಸಂಜೆಗೆ ಹಿಂತಿರುಗುತ್ತಿದ್ದೆ. ಅಪ್ಪ ಮಾತಾಡಿಸುತ್ತಿದ್ದರು. ಹಳೆಯದನ್ನು ಯಾರೂ ಎತ್ತಲಿಲ್ಲ. ಎರಡು ಸಾವಿರದ ಐದರ ಸುಮಾರಿಗೆ ಅಪ್ಪ ಅಂಗಡಿಯಲ್ಲಿ ಕೂತಿದ್ದಂತೆಯೇ ಎದೆ ಹಿಡಿದುಕೊಂಡು ಹೋಗಿಬಿಟ್ಟರು. ಅವ್ವ ಅಳಲಿಲ್ಲ. ಮಧ್ಯಾಹ್ನವಾದರೆ ಊಟ ಮಾಡದೆ ಬೀದಿ ನೋಡುತ್ತ ಕೂರುತ್ತಿದ್ದಳು. ಮಲ್ಲೇಶನ ಹೆಂಡತಿ ಒಳ್ಳೆಯವಳು, ಆದರೂ ಅವಳಿಗೆ ಸಾಕಾಗಿಹೋಯಿತು. ಸ್ವಲ್ಪ ದಿನ ಜಾಗ ಬದಲಾಗಲಿ ಎಂದು ಮಲ್ಲೇಶ ಅವ್ವನನ್ನು ನಮ್ಮ ಮನೆಗೆ ತಂದು ಬಿಟ್ಟ. ಸ್ವಲ್ಪ ದಿನ ಎಂದದ್ದು ಅವಳ ಕೊನೆಯವರೆಗೂ ಆಯಿತು.

ನಾನು ಅವಳಿಗೆ ಬಡಿಸಿದೆ, ಎಣ್ಣೆ ಹಚ್ಚಿದೆ, ಉಬ್ಬಸ ಬಂದರೆ ಬೆನ್ನು ತಿಕ್ಕಿದೆ. ಪ್ರೀತಿಯಿಂದ ಮಾಡಿದೆ ಎಂದು ಹೇಳಲಾರೆ. ಮಾಡಿದೆ, ಅಷ್ಟೇ. ಕೇಳಬಾರದೆಂದು ಬಹಳ ದಿನ ತಡೆದುಕೊಂಡೆ. ಒಂದು ಮಧ್ಯಾಹ್ನ ಅವಳು ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದಾಗ ಕೇಳಿಯೇಬಿಟ್ಟೆ. ಅವತ್ತು ಆಸ್ಪತ್ರೆಯ ಹತ್ತಿರ ಆಟೋದಿಂದ ಯಾಕೆ ಇಳಿಯಲಿಲ್ಲ ಎಂದು.

ಅವಳು ಮರೆತಿರಲಿಲ್ಲ. ಯಾವ ಆಸ್ಪತ್ರೆ ಎಂದು ಕೇಳಲಿಲ್ಲ. ನಿಮ್ಮಪ್ಪ ಇಳಿಯಬೇಡ ಅಂದರು ಎಂದಳು.

“ನಿಂಗೆ ಇಳೀಬೇಕು ಅನ್ನಿಸ್ಲಿಲ್ವಾ ಅವ್ವ?”

ಅವಳು ಕೈಯಲ್ಲಿದ್ದ ಕಾಯನ್ನು ಸುಲಿದು ಕಾಳನ್ನು ಮೊರಕ್ಕೆ ಹಾಕಿದಳು. ನಿಜವಾಗಿಯೂ ಯೋಚಿಸುತ್ತಿದ್ದಳು. ನನ್ನನ್ನು ನೋಯಿಸಬೇಕೆಂದಾಗಲಿ ಸಮಾಧಾನ ಮಾಡಬೇಕೆಂದಾಗಲಿ ಅವಳ ಮನಸ್ಸಿನಲ್ಲಿ ಇದ್ದಂತೆ ಕಾಣಲಿಲ್ಲ.

“ನಿಮ್ಮಪ್ಪ ಬ್ಯಾಡ ಅಂದ್ಮೇಲೆ ನಂಗೆ ಬೇರೆ ಏನಾರ ಅನ್ನುಸ್ತದೆ ಅಂತ ನಂಗೇ ಗೊತ್ತಿರ್ನಿಲ್ಲ ಕಣವ್ವ.”

ಅಷ್ಟು ಹೇಳಿ ಇನ್ನೊಂದು ಕಾಯಿ ತೆಗೆದುಕೊಂಡಳು. ನಾನು ಒಳಗೆ ಹೋಗಿ ಒಲೆಯ ಮುಂದೆ ನಿಂತೆ. ಅವಳು ಕ್ಷಮೆ ಕೇಳಿದ್ದರೆ ನಾನು ಕೊಡುತ್ತಿರಲಿಲ್ಲ ಎಂದು ಎಷ್ಟೋ ಸಲ ಮನಸ್ಸಿನಲ್ಲಿ ಹೇಳಿಕೊಂಡಿದ್ದೆ. ಕೇಳಲು ಅವಳೊಳಗೆ ಯಾರೂ ಇರಲಿಲ್ಲ. ಹುಡುಗಿಯಾಗಿ ಬಂದವಳನ್ನು ಅಪ್ಪ ಅಷ್ಟು ಮುದ್ದಾಗಿ ಎತ್ತಿ ತಮ್ಮೊಳಗೆ ಇಟ್ಟುಕೊಂಡಿದ್ದರು. ನಾನು ಇಷ್ಟು ವರ್ಷ ಕೋಪ ಮಾಡಿಕೊಂಡದ್ದು ಯಾರ ಮೇಲೆ ಎಂದು ತಿಳಿಯದೆ ಹೋಯಿತು. ಕೋಪ ಹೋಯಿತೆಂದಲ್ಲ. ಇಡಲು ಜಾಗ ಸಿಗಲಿಲ್ಲ.

ಮುಂದಿನ ಚಳಿಗಾಲದಲ್ಲಿ ಅವ್ವನಿಗೆ ಕೆಮ್ಮು ಬಂತು. ಉಬ್ಬಸದ ಕೆಮ್ಮಲ್ಲ, ಬೇರೆ ತರಹದ್ದು. ಸಂಜೆ ಜ್ವರವೂ ಬರುತ್ತಿತ್ತು. ನನಗೆ ಆ ಕೆಮ್ಮಿನ ಗುರುತಿತ್ತು. ನಮ್ಮವರಿಗೆ ರಜೆ ಸಿಗದೆ ನಾನೊಬ್ಬಳೇ ಅವಳನ್ನು ಮೈಸೂರಿಗೆ ಕರೆದುಕೊಂಡು ಹೋದೆ. ಎಕ್ಸ್‌ರೇ ತೆಗೆದರು, ಕಫಕ್ಕೆ ಡಬ್ಬಿ ಕೊಟ್ಟರು. ಹೇಗೆ ಕೆಮ್ಮಿ ಉಗುಳಬೇಕೆಂದು ನಾನೇ ಹೇಳಿಕೊಟ್ಟೆ. ಮಾರನೆಯ ದಿನ ಮತ್ತೆ ಹೋಗಿ ಬೆಂಚಿನ ಮೇಲೆ ಕಾದೆವು. ಅವಳು ನನ್ನ ಕೈ ಬಿಡಲಿಲ್ಲ. ಅವಳ ಬೆರಳುಗಳು ತಣ್ಣಗಿದ್ದವು. ಮನಸ್ಸಿನ ಒಂದು ಮೂಲೆಯಲ್ಲಿ, ಇದೆ ಎಂದೇ ಬರಲಿ, ನಾನು ಕಂಡದ್ದನ್ನು ಇವಳೂ ಕಾಣಲಿ ಎಂದು ಅನ್ನಿಸಿದ್ದು ಸುಳ್ಳಲ್ಲ. ಬರದೇ ಇರಲಿ ಎಂದೂ ಅಷ್ಟೇ ಜೋರಾಗಿ ಅನ್ನಿಸುತ್ತಿತ್ತು.

ಒಳಗೆ ಕರೆದರು. ಕ್ಷಯ ಅಲ್ಲ, ನೆಗಡಿ ಎದೆಗಿಳಿದು ಸೋಂಕಾಗಿದೆ, ವಾರದ ಮಾತ್ರೆಗೆ ಹೋಗುತ್ತದೆ ಎಂದರು. ನಾನು ಹೊರಗೆ ಬಂದು ಅವಳ ಮುಂದೆ ಕುಕ್ಕರಿಸಿ ಕೂತು, ಏನೂ ಇಲ್ಲ ಕಣವ್ವ, ನನಗೆ ಬಂದದ್ದು ನಿನಗೆ ಬಂದಿಲ್ಲ ಎಂದೆ. ಅವಳ ಮುಖ ಅರಳಿತು. ಅಪ್ಪ ಹೋದ ಮೇಲೆ ಆ ಮುಖದಲ್ಲಿ ಅಂಥ ಬೆಳಕನ್ನು ನಾನು ಕಂಡಿರಲಿಲ್ಲ. ನನ್ನ ಕೆನ್ನೆ ಸವರಿದಳು. ಏನು ಹೇಳುತ್ತಾಳೋ ಎಂದು ನಾನು ಚೆನ್ನಾಗಿ ಕೇಳುವ ಕಿವಿಯನ್ನು ಅವಳ ಕಡೆ ತಿರುಗಿಸಿದೆ.

“ಸದ್ಯ ಕಣವ್ವ,” ಎಂದಳು. “ನಿಮ್ಮಪ್ಪ ಇದ್ದಿದ್ರೆ ಎಷ್ಟ್ ಎದ್ರುಕತಿದ್ರೋ.”

ನಾನು ಎದ್ದು ನಿಂತೆ. ಬೆಂಚಿನ ಕೆಳಗೆ ಸರಿದುಹೋಗಿದ್ದ ಅವಳ ಚಪ್ಪಲಿಗಳನ್ನು ಎಳೆದು ಕಾಲ ಬಳಿ ಇಟ್ಟೆ. ಮಾತ್ರೆ ಕೊಡುವ ಕಿಟಕಿಯ ಮುಂದೆ ಸಾಲು ಉದ್ದವಿತ್ತು. ಅವಳನ್ನು ಗೋಡೆಗೆ ಒರಗಿಸಿ ಕೂರಿಸಿ, ಹೋಗಿ ಸಾಲಿನ ಕೊನೆಯಲ್ಲಿ ನಿಂತೆ.